ಎಲ್ಲಿವರೆಗೆ ಓದಿದ್ದೀರಿ?

ಮಗಳ ಬಾಣಂತನಕ್ಕೆಂದು ಟೊರಾಂಟೊಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಅಂಟಿನುಂಡೆ, ಹಳೇ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆ ಎಲ್ಲ ಇದ್ದವು; ಓದಲು ಒಂದು ಪುಸ್ತಕವೂ ಇರಲಿಲ್ಲ. ತೂಕ ಹೆಚ್ಚಾಯಿತೆಂದು ಮೊದಲು ತೆಗೆದಿಟ್ಟದ್ದೇ ಪುಸ್ತಕಗಳನ್ನು. ಅಲ್ಲಿ ನೋಡಿದರೆ ಮಗು ಮಲಗಿದ ಹೊತ್ತು ಕುಕ್ಕರ್ ಕೂಗಿಸುವ ಹಾಗಿಲ್ಲ, ಟಿವಿ ಹಾಕುವ ಹಾಗಿಲ್ಲ. ಮಗಳ ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡೆ. ಮುಖಪುಟದಲ್ಲಿ ಹಾಕಿ ಕೋಲು ಹಿಡಿದ ಒಬ್ಬ ಹುಡುಗ, ಅವನತ್ತ ಬೆನ್ನು ತಿರುಗಿಸಿದ ಒಬ್ಬ ಹುಡುಗಿ.

‘ಅದು ನಿಂಗೆ ಹಿಡಿಸಲ್ಲಮ್ಮ, ಫೇಕ್ ಡೇಟಿಂಗ್ ಕಥೆ. ಇಬ್ಬರೂ ಪ್ರೀತಿ ಮಾಡೋ ಥರ ನಾಟಕ ಆಡ್ತಾರೆ, ಆಮೇಲೆ ಅದೇ ನಿಜ ಆಗಿಬಿಡುತ್ತೆ’ ಅಂದಳು ಮಗಳು.

‘ಮುಗೀತಲ್ಲ! ಇನ್ನು ಓದೋದೇನಿದೆ?’ ಅಂದೆ. ಆದರೂ ಓದಿದೆ. ಚಟ ಹಳೆಯದು.

ಮೈಸೂರಿನಲ್ಲಿ ಬಿ.ಕಾಂ. ಓದುವಾಗ ನಮ್ಮ ಬೀದಿಯ ತಿರುವಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ತ್ರಿವೇಣಿ, ಎಂ.ಕೆ. ಇಂದಿರಾ ಮುಗಿದ ಮೇಲೆ ನಾನು ಒಳಗಿನ ಸಾಲಿಗೆ ಬಡ್ತಿ ಪಡೆದೆ: ಮಿಲ್ಸ್ ಅಂಡ್ ಬೂನ್. ಅಪ್ಪನ ಕಣ್ಣಿಗೆ ಬೀಳದಿರಲೆಂದು ಅವಕ್ಕೆ ಪೇಪರಿನ ಬೈಂಡು ಹಾಕಿ, ಮೇಲೆ ‘ಕಾಸ್ಟ್ ಅಕೌಂಟಿಂಗ್’ ಎಂದು ಬರೆಯುತ್ತಿದ್ದೆ. ಬಾಡಿಗೆ ಪುಸ್ತಕದಂಗಡಿ ಎಂದರೆ ಸ್ವಲ್ಪ ನಾಚಿಕೆಯ ಜಾಗ ಎಂದುಕೊಂಡಿದ್ದೆ. ಆದರೆ ಆ ಕಂಪನಿಗೆ ಅನ್ನ ಹಾಕಿದ್ದೇ ಅಂಥ ಅಂಗಡಿಗಳು. 1908ರಲ್ಲಿ ಲಂಡನ್ನಿನಲ್ಲಿ ಜೆರಾಲ್ಡ್ ಮಿಲ್ಸ್, ಚಾರ್ಲ್ಸ್ ಬೂನ್ ಎಂಬಿಬ್ಬರು ಅದನ್ನು ಶುರು ಮಾಡಿದಾಗ ಪ್ರೇಮಕಥೆಯೊಂದೇ ಅವರ ಸರಕಾಗಿರಲಿಲ್ಲ. ಜಾಕ್ ಲಂಡನ್‌ನನ್ನೂ ಅಚ್ಚು ಹಾಕಿದ್ದರು. 1930ರ ದಶಕದಲ್ಲಿ ಎರಡು ಪೆನ್ನಿಗೆ ಪುಸ್ತಕ ಕೊಡುವ ಬಾಡಿಗೆ ಲೈಬ್ರರಿಗಳು ಅಲ್ಲಿನ ಬೀದಿಗಳಲ್ಲಿ ಹುಟ್ಟಿಕೊಂಡವು. ಹೆಂಗಸರು ಕೇಳಿದ್ದು ಪ್ರೇಮಕಥೆ. ಕಂಪನಿ ಕೊಟ್ಟಿದ್ದೂ ಅದನ್ನೇ, ಕಂದು ಬಣ್ಣದ ರಟ್ಟು ಕಟ್ಟಿ. ನಾನು ಹಾಕುತ್ತಿದ್ದ ಬೈಂಡೂ ಕಂದು ಕಾಗದದ್ದಾಗಿದ್ದರೆ ಸಂಪ್ರದಾಯ ಪಾಲಿಸಿದ ಹಾಗಾಗುತ್ತಿತ್ತು!

ಕೆನಡಾದ ವಿನಿಪೆಗ್‌ನಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಕಂಪನಿ, 1957ರಿಂದ ಇವರ ಕಾದಂಬರಿಗಳನ್ನು ಮರುಮುದ್ರಿಸುತ್ತ ಬಂದು 1971ರಲ್ಲಿ ಮಿಲ್ಸ್ ಅಂಡ್ ಬೂನನ್ನೇ ಕೊಂಡುಕೊಂಡಿತು. ಅದರ ಕಚೇರಿ ಈಗ ಇರುವುದು ಇದೇ ಟೊರಾಂಟೊದಲ್ಲಿ. ಅಂದರೆ ನಾನು ಬಾಣಂತನಕ್ಕೆ ಬಂದಿಳಿದದ್ದು ನನ್ನ ಹಳೇ ಕಳ್ಳ ಓದಿನ ಗಂಡನ ಮನೆಗೆ.

ಸುಳ್ಳು ಪ್ರೇಮದ ಕಥೆಯೂ ನನಗೆ ಹೊಸದಲ್ಲ. ಅದೇ ಲೈಬ್ರರಿಯಲ್ಲಿ ಜಾರ್ಜೆಟ್ ಹೇಯರ್ ಬರೆದ ‘ಕೊಟಿಲಿಯನ್’ ಸಿಕ್ಕಿತ್ತು, 1953ರದು. ಅದರ ನಾಯಕಿಯ ಹೆಸರು ಕಿಟ್ಟಿ. (ನಮ್ಮಲ್ಲಿ ಕಿಟ್ಟಿ ಎಂದರೆ ಕೃಷ್ಣಮೂರ್ತಿ, ಹೊಂದಿಕೊಳ್ಳಲು ನಾಲ್ಕು ಪುಟ ಬೇಕಾಯಿತು.) ಸಾಕಿದ ಜಿಪುಣ ಮುದುಕ, ತನ್ನ ಕಡೆಯ ಹುಡುಗರಲ್ಲೊಬ್ಬನನ್ನು ಮದುವೆಯಾದರೆ ಮಾತ್ರ ಆಸ್ತಿ ಎಂದುಬಿಡುತ್ತಾನೆ. ಅವಳಿಗೆ ಇಷ್ಟವಿದ್ದವನು ಬರುವುದೇ ಇಲ್ಲ. ಆಗ ಫ್ರೆಡ್ಡಿ ಎಂಬ ಪಾಪದವನನ್ನು ಗೋಗರೆದು, ಒಂದು ತಿಂಗಳ ಮಟ್ಟಿಗೆ ಸುಳ್ಳು ನಿಶ್ಚಿತಾರ್ಥ ಮಾಡಿಕೊಂಡು ಲಂಡನ್ ನೋಡಲು ಹೊರಡುತ್ತಾಳೆ. ಅವನು ಶೂರನಲ್ಲ, ಚತುರನೂ ಅಲ್ಲ. ಯಾವ ಸಮಾರಂಭಕ್ಕೆ ಯಾವ ಕೋಟು ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತು. ಕೊನೆಗೆ ಅವನೇ ಎಲ್ಲರಿಗಿಂತ ಒಳ್ಳೆಯವನೆಂದು ಅವಳಿಗೂ ನಮಗೂ ಗೊತ್ತಾಗುತ್ತದೆ. ಆ ಸುಳ್ಳಿಗೆ ಭಾರವಿತ್ತು. ಸಿಕ್ಕಿಬಿದ್ದರೆ ಆಸ್ತಿ ಹೋಯಿತು, ಮಾನ ಹೋಯಿತು, ತಲೆ ಮೇಲಿನ ಸೂರೂ ಹೋಯಿತು.

ನನ್ನ ಕೈಲಿದ್ದ ಹೊಸ ಪುಸ್ತಕದಲ್ಲಿ ಸಿಕ್ಕಿಬಿದ್ದರೆ ಏನೂ ಆಗುವುದಿಲ್ಲ. ಹಳೇ ಹುಡುಗನ ಹೊಟ್ಟೆ ಉರಿಸಬೇಕೆಂದು ಅವಳು, ಕೋಚ್ ಹತ್ತಿರ ಒಳ್ಳೆಯವನೆನಿಸಿಕೊಳ್ಳಬೇಕೆಂದು ಇವನು, ಕಾಫಿ ಅಂಗಡಿಯ ಟಿಶ್ಯೂ ಕಾಗದದ ಮೇಲೆ ಷರತ್ತು ಬರೆದು ಸಹಿ ಹಾಕುತ್ತಾರೆ. ಅರವತ್ತನೇ ಪುಟದ ಹೊತ್ತಿಗೆ ಷರತ್ತು ಅವರಿಗೂ ಮರೆತಿದೆ, ಬರೆದವರಿಗೂ ಮರೆತಿದೆ. ರೂಮಿನ ಗೆಳತಿಗೆ ವಿಷಯ ತಿಳಿದಾಗ ಅವಳು ‘ಓ, ಹೌದಾ?’ ಎಂದು ಮತ್ತೆ ಮೊಬೈಲು ನೋಡುತ್ತಾಳೆ. ಅಲ್ಲ, ಹೆದರುವುದಕ್ಕೆ ಒಬ್ಬ ಸೋದರತ್ತೆಯಾದರೂ ಬೇಡವೇ?

ಪುಸ್ತಕದೊಳಗಿನ ಹಾಕಿ ಆಟದ ಗತಿಯೂ ಅಷ್ಟೆ. ಹುಡುಗ ತಂಡದ ನಾಯಕನಂತೆ. ಆಡುವುದು ಒಂದೂವರೆ ಪುಟ. ಉಳಿದಂತೆ ಬೆವರು ಒರೆಸಿಕೊಳ್ಳುತ್ತಾನೆ. ಆ ಆಟದ ಸೊಗಸು ನನಗೆ ತಿಳಿದದ್ದು ಅಳಿಯನಿಂದ. ಇಲ್ಲಿ ಬರೀ ಹಾಕಿ ಅಂದರೆ ಮಂಜುಗಡ್ಡೆಯ ಮೇಲಿನದೇ. ಚೆಂಡಿಲ್ಲ, ಮೂರಿಂಚು ಅಗಲದ ರಬ್ಬರಿನ ಬಿಲ್ಲೆ. ಪುಟಿಯದಿರಲೆಂದು ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಡುತ್ತಾರೆ, ನಾವು ತೆಂಗಿನತುರಿ ಇಡುವ ಹಾಗೆ. ಆಟಗಾರ ಒಂದು ಸರದಿಗೆ ಮುಕ್ಕಾಲು ನಿಮಿಷದಷ್ಟು ಹೊತ್ತು ಮೈಯೆಲ್ಲ ಬಸಿದು ಆಡಿ ಬೆಂಚಿಗೆ ಬರುತ್ತಾನೆ, ಆ ಕ್ಷಣವೇ ಇನ್ನೊಬ್ಬ ಒಳಗೆ ಜಿಗಿಯುತ್ತಾನೆ. ಮುಕ್ಕಾಲು ನಿಮಿಷದ ಉಸಿರು, ಆಮೇಲೆ ಕಾಯುವುದು. ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ಏನು ಬೇಕಿತ್ತು!

ನಮ್ಮವರೂ ಬ್ಯಾಂಕಿನ ಕ್ರಿಕೆಟ್ ತಂಡದಲ್ಲಿದ್ದರು, ಹನ್ನೆರಡನೆಯವರಾಗಿ. ನೀರು ಹೊತ್ತು ಓಡುವ ಅವರನ್ನು ನೋಡಲೆಂದೇ ನಾನು ಭಾನುವಾರ ಮೈದಾನಕ್ಕೆ ಹೋಗುತ್ತಿದ್ದೆ. ಇಬ್ಬರಿಗೂ ಒಂದೇ ಶಾಖೆ, ಎದುರುಬದುರು ಕೌಂಟರು, ಎರಡು ವರ್ಷ. ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಕೊನೆಗೆ ಅವರ ಚಿಕ್ಕಪ್ಪನ ಮೂಲಕ ಜಾತಕ ನಮ್ಮ ಮನೆಗೆ ‘ತಾನಾಗಿಯೇ’ ಬಂದು, ಹೆಣ್ಣು ನೋಡುವ ಶಾಸ್ತ್ರವೂ ಗೊತ್ತಾಯಿತು. ಸುಳ್ಳು ಪ್ರೇಮವಲ್ಲ, ಸುಳ್ಳು ಅಪರಿಚಯ. ಹಿಂದಿನ ದಿನವಷ್ಟೇ ನನ್ನ ಡಬ್ಬಿಯಿಂದ ಚಿತ್ರಾನ್ನ ತಿಂದಿದ್ದ ಮನುಷ್ಯ, ಕೇಸರಿಬಾತಿನ ತಟ್ಟೆ ಹಿಡಿದು ಬಂದ ನನ್ನನ್ನು ಮೊದಲ ಸಲ ನೋಡಿದಂತೆ ನೋಡಿದರು.

‘ಏನಾದರೂ ಕೇಳೋದಿದ್ದರೆ ಕೇಳಪ್ಪ’ ಅಂದರು ಅಪ್ಪ.

ಅವರು ಗಂಟಲು ಸರಿಮಾಡಿಕೊಂಡು ಕೇಳಿದರು: ‘ಎಲ್ಲಿವರೆಗೆ ಓದಿದ್ದೀರಿ?’

‘ಬಿ.ಕಾಂ.’ ಅಂದೆ, ನೆಲ ನೋಡುತ್ತ. ಬಾಗಿಲ ಸಂದಿಯಲ್ಲಿದ್ದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಜ್ಜಿಗೆ ಎಲ್ಲಾ ಗೊತ್ತಿತ್ತೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಆ ಹಾಕಿ ಕಾದಂಬರಿಯ ಕೊನೆಯ ಅಧ್ಯಾಯ ಬಾಕಿ ಇದ್ದಾಗ ಮಗು ಎದ್ದಿತು. ನಮ್ಮವರು ಅದನ್ನು ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ಮುಖಪುಟವನ್ನೊಮ್ಮೆ ನೋಡಿ, ಮೊದಲ ಸಲ ನೋಡಿದವರಂತೆ ನನ್ನನ್ನೂ ನೋಡಿ, ಗಂಟಲು ಸರಿಮಾಡಿಕೊಂಡರು.

‘ಎಲ್ಲಿವರೆಗೆ ಓದಿದ್ದೀರಿ?’

‘ಬಿ.ಕಾಂ.’ ಅಂದೆ.