ವೆಲ್ಲೂರಿನಲ್ಲಿ ಕಲಿತ ಪಾಠ

ಕರ್ನಾಟಕದಿಂದ ವೆಲ್ಲೂರಿಗೆ ಹೋಗುವವರಲ್ಲಿ ಅಲ್ಲಿನ ಕೋಟೆಯನ್ನು ನೋಡಲೆಂದು ಹೋಗುವವರು ಕೆಲವರು. ರೋಗಿಗಳನ್ನು ಕರೆದುಕೊಂಡು ಹೋಗುವವರೇ ಬಹಳ. 2023ರ ಮಾರ್ಚ್ ತಿಂಗಳಿನಲ್ಲಿ ನಾನೂ ಈ ಎರಡನೆಯ ಸಾಲಿಗೆ ಸೇರಿದೆನು. ಅಲ್ಲಿ ಕಂಡು ಕೇಳಿದ ಸಂಗತಿಗಳು ಇನ್ನೊಂದು ಮನೆಗೆ ಉಪಯೋಗವಾದೀತೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ನನ್ನ ತಂಗಿಯನ್ನು ಚನ್ನಗಿರಿ ಸೀಮೆಯ ಅಡಿಕೆ ತೋಟದ ಮನೆಗೆ ಕೊಟ್ಟಿದೆ. 2022ರ ಅಕ್ಟೋಬರಿನಲ್ಲಿ ಅವಳ ಹಿರಿಯ ಮಗನು ಗೊನೆ ಇಳಿಸಲು ಮರವೇರಿದ್ದಾಗ ಕೈತಪ್ಪಿ ಬಿದ್ದನು. ಬೆನ್ನಿನ ಮೂಳೆ ಮುರಿದು ಒಳಗಿನ ಬೆನ್ನುಹುರಿಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆಯಿಂದ ಜೀವವೇನೋ ಉಳಿಯಿತು. ಸೊಂಟದ ಕೆಳಗೆ ಚಲನೆಯೂ ಸ್ಪರ್ಶವೂ ಇಲ್ಲವಾದವು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅವನು ರಾತ್ರಿಯ ಹೊತ್ತು ನರಳತೊಡಗಿದನು. "ಮಾವ, ಕಾಲಿಗೆ ಬೆಂಕಿ ಇಟ್ಟಂಗಾಗ್ತದೆ, ಆಗಾಗ ಕರೆಂಟು ಹೊಡೆದಂಗೂ ಆಗ್ತದೆ" ಎಂದು ನನ್ನ ಕೈ ಹಿಡಿದು ಹೇಳಿದನು. ಅದೇ ಕಾಲನ್ನು ನಾನು ಚಿವುಟಿ ನೋಡಿದೆ, ಅವನಿಗೆ ತಿಳಿಯಲಿಲ್ಲ. "ಸ್ಪರ್ಶವೇ ಇಲ್ಲದ ಕಾಲಿಗೆ ನೋವೆಲ್ಲಿಂದ ಬಂದೀತು? ಇದು ಮನಸ್ಸಿನ ಭ್ರಮೆ, ಧೈರ್ಯ ತಂದುಕೋ" ಎಂದುಬಿಟ್ಟೆ. ಮಠದಲ್ಲಿ ಓದಿದವನ ಮಾತೆಂದು ಮನೆಯವರೆಲ್ಲರೂ ಅದನ್ನು ನಂಬಿದರು. ಅಂದಿನಿಂದ ಹುಡುಗನು ನೋವನ್ನು ಹೇಳುವುದನ್ನೇ ನಿಲ್ಲಿಸಿದನು. ಆದರೆ ತಾಯಿಯ ಕರುಳು ಕೇಳಲಿಲ್ಲ. ಅವಳು ಒಂದು ರಾತ್ರಿ ಉಪ್ಪನ್ನು ಹುರಿದು ಗಂಟು ಕಟ್ಟಿ ಅವನ ಪಾದಕ್ಕೆ ಶಾಖ ಕೊಟ್ಟಳು. ಬೆಳಗ್ಗೆ ನೋಡಿದರೆ ಅಂಗಾಲಿನ ತುಂಬ ಗುಳ್ಳೆಗಳು. ಸುಟ್ಟದ್ದು ಅವನಿಗೆ ತಿಳಿದಿರಲೇ ಇಲ್ಲ.

ಆ ಗಾಯ ಮಾಯಲು ಬಹಳ ದಿನ ಹಿಡಿಯಿತು. ಅದು ಮಾಯ್ದ ಮೇಲೆ ವೆಲ್ಲೂರಿಗೆ ಹೊರಟೆವು. ಬೆಂಗಳೂರಿನಿಂದ ರೈಲು ಬಂಗಾರಪೇಟೆ, ಕುಪ್ಪಂ, ಜೋಲಾರಪೇಟೆ, ಆಂಬೂರುಗಳನ್ನು ದಾಟಿ ಕಾಟ್ಪಾಡಿಗೆ ಬರುತ್ತದೆ. ಅಲ್ಲಿಂದ ವೆಲ್ಲೂರಿಗೆ ಹೋಗುವ ದಾರಿಯಲ್ಲಿ ಪಾಲಾರ್ ನದಿಯ ಸೇತುವೆ. ಈ ನದಿ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ನಾವು ದಾಟಿದ ದಿನ ಸೇತುವೆಯ ಕೆಳಗೆ ಕಂಡದ್ದು ಬರಿಯ ಮರಳು. "ಮೇಲೆ ಒಣಗಿದ್ದರೂ ಮರಳಿನಡಿಯಲ್ಲಿ ನೀರಿದೆ" ಎಂದು ಆಟೋದವನು ಹೇಳಿದನು. ಆ ಮಾತಿನ ಅರ್ಥ ನನಗೆ ಮರುದಿನ ಇನ್ನೊಂದು ಬಗೆಯಲ್ಲಿ ತಿಳಿಯಿತು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1900ರಲ್ಲಿ ಐಡಾ ಸ್ಕಡರ್ ಎಂಬ ಅಮೆರಿಕದ ವೈದ್ಯೆ ಒಂದೇ ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯದಿಂದ ಬೆಳೆದದ್ದು. ದೊಡ್ಡ ಆಸ್ಪತ್ರೆ ಪಟ್ಟಣದ ನಡುವೆ ಇದೆ. ಬೆನ್ನುಹುರಿಯ ಗಾಯದವರಿಗೆ ಆರೈಕೆ ನೀಡುವ ಪುನಶ್ಚೇತನ ಕೇಂದ್ರವು ಊರಾಚೆಯ ಬಾಗಾಯಂ ಎಂಬಲ್ಲಿದೆ. ಇದರ ಹಿಂದಿರುವ ಡಾ. ಮೇರಿ ವರ್ಗೀಸ್ ಅವರ ಜೀವನವನ್ನು ಎಲ್ಲರೂ ತಿಳಿಯಬೇಕು. ಕೊಚ್ಚಿಯ ಈ ತರುಣ ವೈದ್ಯೆ 1954ರಲ್ಲಿ ವಾಹನ ಅಪಘಾತಕ್ಕೆ ಸಿಕ್ಕಿ ಬೆನ್ನುಹುರಿಗೆ ಗಾಯವಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಆದರೂ ಡಾ. ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಆಸ್ಟ್ರೇಲಿಯಾದ ಪರ್ತ್ ಮತ್ತು ಅಮೆರಿಕದ ನ್ಯೂಯಾರ್ಕ್ ನಗರಗಳಲ್ಲಿ ತರಬೇತಿ ಪಡೆದು ಬಂದರು. 1966ರಲ್ಲಿ ಈ ಕೇಂದ್ರವು ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಅವರು 1986ರಲ್ಲಿ ತೀರಿಕೊಂಡರು.

ಬಾಗಾಯಂನಲ್ಲಿ ನಮ್ಮ ಹುಡುಗನನ್ನು ಪರೀಕ್ಷಿಸಿದ ವೈದ್ಯರು ಮೊದಲು ಕೇಳಿದ ಪ್ರಶ್ನೆಯೇ ನನ್ನನ್ನು ತಲೆತಗ್ಗಿಸುವಂತೆ ಮಾಡಿತು. "ಉರಿಯುತ್ತದೆಯೆ, ಚುಚ್ಚುತ್ತದೆಯೆ, ಕರೆಂಟು ಹೊಡೆದಂತಾಗುತ್ತದೆಯೆ?" ಎಂದು ಅವರೇ ಕೇಳಿದರು. ತನ್ನ ನೋವನ್ನು ಬೇರೊಬ್ಬರ ಬಾಯಲ್ಲಿ ಕೇಳಿದ ಹುಡುಗನು ಅತ್ತುಬಿಟ್ಟನು. ವೈದ್ಯರು ವಿವರಿಸಿದ್ದು ಇಷ್ಟು. ಬೆನ್ನುಹುರಿಗೆ ಗಾಯವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಂಥ ನರದ ನೋವು ಬರುತ್ತದೆ. ಕಾಲಿನಿಂದ ಮೆದುಳಿಗೆ ಸುದ್ದಿ ಒಯ್ಯುವ ದಾರಿ ಕಡಿದಿದೆ. ಆದುದರಿಂದ ಸ್ಪರ್ಶ ತಿಳಿಯುವುದಿಲ್ಲ. ಆದರೆ ಗಾಯದ ಆಸುಪಾಸಿನ ನರಕೋಶಗಳೂ ಅವುಗಳ ಮೇಲಿನ ಕೇಂದ್ರಗಳೂ ಸುಮ್ಮನಾಗುವುದಿಲ್ಲ. ಅವು ತಾವಾಗಿಯೇ ಕೆರಳಿ ಸುಳ್ಳು ಸುದ್ದಿಯನ್ನು ಕಳಿಸುತ್ತವೆ. ಅವನ್ನು ತಡೆಯುತ್ತಿದ್ದ ಶಕ್ತಿಯೂ ಕುಂದಿರುತ್ತದೆ. ಮೆದುಳು ಆ ಸುದ್ದಿಯನ್ನು ಕಾಲಿನ ಉರಿಯೆಂದೇ ಓದಿಕೊಳ್ಳುತ್ತದೆ. ಸುದ್ದಿ ಸುಳ್ಳಾದರೂ ನೋವು ನಿಜ. ಒಣಗಿದ ಪಾಲಾರಿನಡಿಯ ನೀರು ಆಗ ನೆನಪಾಯಿತು.

ಚಿಕಿತ್ಸೆಯು ಮಾತ್ರೆಯಿಂದ ಆರಂಭವಾಗಲಿಲ್ಲ. ಮೊದಲು ಮೂತ್ರದಲ್ಲಿ ಸೋಂಕಿದೆಯೆ, ಮಲಬದ್ಧತೆಯಿದೆಯೆ, ಹಾಸಿಗೆಹುಣ್ಣಾಗಿದೆಯೆ ಎಂದು ನೋಡಿದರು. ಇವುಗಳಲ್ಲಿ ಯಾವುದೊಂದಿದ್ದರೂ ನೋವು ಹೆಚ್ಚುತ್ತದೆಯಂತೆ. ನಮ್ಮವನಿಗೆ ಮೂತ್ರದ ಸೋಂಕಿತ್ತು. ಅನಂತರ ಔಷಧಿ. ಸಾಮಾನ್ಯ ನೋವಿನ ಮಾತ್ರೆಗಳು ಈ ನೋವಿಗೆ ಹೆಚ್ಚಾಗಿ ನಾಟುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಎಂಬವು ಇದಕ್ಕೆ ಬಳಸುವ ಮುಖ್ಯ ಔಷಧಿಗಳು. ಇವುಗಳಲ್ಲಿ ಪ್ರಿಗ್ಯಾಬಲಿನ್‌ಗೆ ಬೆನ್ನುಹುರಿಯ ಗಾಯದ ನೋವಿಗಾಗಿಯೇ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆಯಿತು. ಮೊದಲ ಎರಡು ಮೂರ್ಛೆರೋಗಕ್ಕೂ ಕೊನೆಯದು ಮನಸ್ಸಿನ ಖಿನ್ನತೆಗೂ ಕೊಡುವ ಔಷಧಿಗಳೆಂದು ತಿಳಿದ ನನ್ನ ತಂಗಿ, "ಅಣ್ಣ, ನನ್ನ ಮಗನಿಗೇನು ಹುಚ್ಚು ಹಿಡಿದಿದೆಯೆ?" ಎಂದು ಗಾಬರಿಯಾದಳು. ಕೆರಳಿದ ನರವನ್ನು ಶಾಂತಗೊಳಿಸುವ ಗುಣ ಅವುಗಳಲ್ಲಿರುವುದರಿಂದ ಕೊಡುತ್ತೇವೆ, ಹುಚ್ಚಿಗೆಂದಲ್ಲ ಎಂದು ವೈದ್ಯರು ತಾಳ್ಮೆಯಿಂದ ತಿಳಿಹೇಳಿದರು.

ಔಷಧಿಯನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ವಾರಗಳ ಮೇಲೆ ಏರಿಸುತ್ತಾರೆ. ಆರಂಭದಲ್ಲಿ ಮಂಪರು, ತಲೆಸುತ್ತು, ಬಾಯಿ ಒಣಗುವುದು ಉಂಟು. ನಾಲ್ಕು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬಾರದು. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಲೂ ಬಾರದು. ವೈದ್ಯರನ್ನು ಕೇಳದೆ ಪಕ್ಕದ ಮನೆಯವರ ಚೀಟಿ ನೋಡಿ ತೆಗೆದುಕೊಳ್ಳುವುದಂತೂ ಕೂಡದು. ಔಷಧಿಯೊಡನೆ ವ್ಯಾಯಾಮ, ನಿದ್ರೆಯ ಕ್ರಮ, ನೋವಿನೊಂದಿಗೆ ಬಾಳುವ ಬಗೆಯನ್ನು ಕಲಿಸುವ ಆಪ್ತಸಲಹೆ, ಕೈಗೊಂದು ಕೆಲಸ, ಇವೂ ಚಿಕಿತ್ಸೆಯ ಭಾಗವೇ. ನೋವು ಸಂಪೂರ್ಣ ಹೋಗುವುದು ಅಪರೂಪ. ಅದು ತಗ್ಗಿ ನಿದ್ರೆ ಬಂದು ದಿನದ ಕೆಲಸ ಸಾಗಿದರೆ ಚಿಕಿತ್ಸೆ ಫಲಿಸಿದಂತೆ. ಈ ಸತ್ಯವನ್ನು ಅವರು ಮೊದಲ ದಿನವೇ ಹೇಳಿದ್ದರಿಂದ ನಾವು ಸುಳ್ಳು ಆಸೆಯ ಹಿಂದೆ ಅಲೆಯಲಿಲ್ಲ.

ಸುಟ್ಟ ಪಾದದ ಕಲೆಯನ್ನು ತೋರಿಸಿ ಅವರು ನನ್ನ ತಂಗಿಗೆ ಇನ್ನೊಂದು ಮಾತು ಹೇಳಿದರು. ಸ್ಪರ್ಶವಿಲ್ಲದ ಅಂಗಕ್ಕೆ ಬಿಸಿನೀರಿನ ಚೀಲ, ಕಾದ ಎಣ್ಣೆ, ಉಪ್ಪಿನ ಶಾಖ ಯಾವುದನ್ನೂ ಮುಟ್ಟಿಸಬಾರದು. ಸ್ನಾನದ ನೀರನ್ನೂ ಸ್ಪರ್ಶವಿರುವ ಕೈಯಿಂದ ನೋಡಿಯೇ ಹಾಕಬೇಕು. ದಿನವೂ ಪಾದ ಮತ್ತು ಪೃಷ್ಠವನ್ನು ಕಣ್ಣಿಂದ ಪರೀಕ್ಷಿಸಬೇಕು. ನೋವು ಇದ್ದಕ್ಕಿದ್ದಂತೆ ಹೆಚ್ಚಿದರೆ, ಅಥವಾ ಕೈಗಳಲ್ಲಿ ಹೊಸದಾಗಿ ಮರಗಟ್ಟುವಿಕೆ ತೋರಿದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಊರಿಗೆ ಮರಳುವ ಮುನ್ನ ಹುಡುಗನ ಆಸೆಯಂತೆ ಅವನನ್ನು ಗಾಲಿಕುರ್ಚಿಯಲ್ಲಿ ಕೋಟೆಗೆ ಕರೆದೊಯ್ದೆನು. ವಿಜಯನಗರದ ಕಾಲದ ಕಲ್ಲಿನ ಕೋಟೆ, ಸುತ್ತಲೂ ನೀರಿನ ಕಂದಕ, ಒಳಗೆ ಜಲಕಂಠೇಶ್ವರನ ಗುಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕುಟುಂಬವನ್ನು ಇಲ್ಲಿಯೇ ಇರಿಸಿದ್ದರು. 1806ರಲ್ಲಿ ಸಿಪಾಯಿಗಳು ಇಲ್ಲಿಯೇ ದಂಗೆಯೆದ್ದರು. ಕಂದಕದ ದಂಡೆಯಲ್ಲಿ ಕುಳಿತಾಗ ನಾನು ಅವನಿಗೆ, "ಮಗು, ಅಂದು ನಿನ್ನ ನೋವನ್ನು ಭ್ರಮೆಯೆಂದೆ. ತಪ್ಪು ನನ್ನದು" ಎಂದೆ. ಅವನು ನಕ್ಕು, "ಬಿಡಿ ಮಾವ, ಈಗಾದ್ರೂ ನಂಬಿದ್ರಲ್ಲ" ಎಂದನು.

ಈಗ ಅವನ ನೋವು ಹಿಂದಿನ ಅರ್ಧದಷ್ಟಾಗಿದೆ. ರಾತ್ರಿ ನಿದ್ರಿಸುತ್ತಾನೆ, ಹಗಲು ತೋಟದ ಲೆಕ್ಕಪತ್ರವನ್ನು ಅವನೇ ನೋಡಿಕೊಳ್ಳುತ್ತಾನೆ. ಎತ್ತರದಿಂದ ಬಿದ್ದು, ರಸ್ತೆ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದವರು ನಮ್ಮ ಊರೂರುಗಳಲ್ಲಿದ್ದಾರೆ. ಮನೆಯಲ್ಲಿ ಅಂಥವರೊಬ್ಬರು ಸ್ಪರ್ಶವಿಲ್ಲದ ಕಾಲು ಉರಿಯುತ್ತದೆಂದು ಹೇಳಿದರೆ ಹಿರಿಯರು ನನ್ನಂತೆ ಉಪದೇಶ ಮಾಡದಿರಲಿ. ತಾಯಂದಿರು ಶಾಖ ಕೊಡದಿರಲಿ. ಮೊದಲು ಆ ಮಾತನ್ನು ನಂಬಿ, ಅನಂತರ ತಜ್ಞ ವೈದ್ಯರಲ್ಲಿಗೆ ಕರೆದೊಯ್ಯಿರಿ ಎಂದು ಕೈಮುಗಿದು ಬಿನ್ನವಿಸುತ್ತೇನೆ.