ಮಕ್ಕಳನ್ನು ಕಟ್ಟಿಕೊಂಡು ಅಟ್ಲಾಂಟಿಕ್ ದಾಟಿದ್ದು

ಲಂಡನ್ನಿನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಎಂಟು ಗಂಟೆ ಸಾಕು. ನಾವು ಏಳು ರಾತ್ರಿಯ ದಾರಿ ಹಿಡಿದೆವು. ಗಂಡನಿಗೆ ನ್ಯೂಜೆರ್ಸಿಗೆ ವರ್ಗವಾಗಿತ್ತು. ಮನೆ ಖಾಲಿ ಮಾಡಿ, ದೊಡ್ಡ ಸಾಮಾನನ್ನೆಲ್ಲ ಮುಂಚೆಯೇ ಕಳಿಸಿಯಾಗಿತ್ತು. ಹೊಸ ಆಫೀಸಿಗೆ ಹಾಜರಾಗುವ ಮುನ್ನ ಒಂದಿಷ್ಟು ರಜೆ ಉಳಿದಿತ್ತು. ‘ಈ ಸಲ ಹಡಗಲ್ಲೇ ಹೋಗೋಣ’ ಎಂದು ಅವರು ಅಂದಾಗ ನಾನು ಕೇಳಿದ್ದು ಖರ್ಚಿನ ಲೆಕ್ಕ. ಶಿವಮೊಗ್ಗದಿಂದ ಫೋನಿನಲ್ಲಿ ಅಮ್ಮ ಕೇಳಿದ್ದು ಬೇರೆ: ‘ಅಲ್ಲ ಕಣೇ, ಎರಡು ಚಿಳ್ಳೆಪಿಳ್ಳೆ ಇಟ್ಕೊಂಡು ವಾರವಿಡೀ ನೀರಿನ ಮೇಲೆ ಏನ್ ಮಾಡ್ತೀಯ?’ ಮಗಳಿಗೆ ಆರು, ಮಗನಿಗೆ ಆಗಷ್ಟೇ ಮೂರು ತುಂಬಿತ್ತು. ಹಡಗು ಆರಿಸುವಾಗ ನನ್ನ ಲೆಕ್ಕಕ್ಕಿಂತ ಅಮ್ಮನ ಪ್ರಶ್ನೆಯೇ ಹೆಚ್ಚು ಉಪಯೋಗಕ್ಕೆ ಬಂತು.

ದುಡ್ಡು ಹೆಚ್ಚು ಕೊಟ್ಟಷ್ಟೂ ಮಕ್ಕಳಿಗೆ ಅನುಕೂಲ ಹೆಚ್ಚು ಎಂದು ಯಾರಿಗಾದರೂ ಅನಿಸುವುದು ಸಹಜ. ಕ್ರೂಸ್ ಲೋಕದಲ್ಲಿ ಬಹಳಷ್ಟು ಸಲ ಅದು ತಿರುಗುಮುರುಗು. ಚಿತ್ರ ನೋಡಿಯೇ ಮನಸೋತ ವೈಕಿಂಗ್ ಹಡಗುಗಳಿಗೆ ಹದಿನೆಂಟು ತುಂಬದವರನ್ನು ಹತ್ತಿಸುವುದೇ ಇಲ್ಲ. ವರ್ಜಿನ್ ವಾಯೇಜಸ್‌ನವರದೂ ಅದೇ ನಿಯಮ. ಸೀಬೋರ್ನ್‌ನಂಥ ಸಣ್ಣ, ತೀರಾ ದುಬಾರಿ ಹಡಗುಗಳು ಮಕ್ಕಳನ್ನು ಬೇಡ ಎನ್ನುವುದಿಲ್ಲ. ಆದರೆ ಅಲ್ಲಿರುವುದು ಷಾಂಪೇನ್, ಮೌನ, ಹಿರಿಯ ದಂಪತಿಗಳು. ಮೂರು ವರ್ಷದವನು ಊಟದ ಮೇಜಿನಡಿ ನುಸುಳಿ ಚಮಚ ಬಡಿಯತೊಡಗಿದರೆ ಬೆವರುವವರು ನಾವೇ. ಎಂಎಸ್‌ಸಿ ಕಂಪನಿಯದು ಇನ್ನೊಂದು ಉಪಾಯ. ದೊಡ್ಡ ಹಡಗಿನೊಳಗೇ ‘ಯಾಟ್ ಕ್ಲಬ್’ ಎಂಬ ಪ್ರತ್ಯೇಕ ಭಾಗ, ಅದಕ್ಕೆ ಬೇರೆಯೇ ಈಜುಕೊಳ, ಬೇರೆಯೇ ಊಟದ ಮನೆ. ಅಲ್ಲಿ ಉಳಿದುಕೊಂಡು ಮಕ್ಕಳನ್ನು ಮಾತ್ರ ಇಡೀ ಹಡಗಿನ ಆಟದ ಮನೆಗೆ ಕಳಿಸಬಹುದು. ಡಿಸ್ನಿ ಹಡಗುಗಳಂತೂ ಮಕ್ಕಳಿಗೆಂದೇ ಕಟ್ಟಿದವು. ಆದರೆ ಇಂಗ್ಲೆಂಡಿನಿಂದ ಬೇಸಿಗೆಯಲ್ಲಿ ಹೊರಡುವ ಅವುಗಳ ಪ್ರವಾಸ ಒಂದು ಸುತ್ತು ಹಾಕಿ ಅಲ್ಲಿಗೇ ಮರಳುವಂಥದ್ದು. ನಮಗೆ ಬೇಕಿದ್ದದ್ದು ಹೋಗುವ ದಾರಿ ಮಾತ್ರ.

ಹಾಗೆ ಉಳಿದದ್ದು ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಸ್ಯಾಮ್ಯುಯೆಲ್ ಕ್ಯುನಾರ್ಡ್ 1840ರಲ್ಲಿ ಲಿವರ್‌ಪೂಲ್‌ನಿಂದ ಅಮೆರಿಕದ ಕಡೆಗೆ ಅಂಚೆ ಹಡಗು ಓಡಿಸತೊಡಗಿದ. ಅದೇ ಕಂಪನಿಯ ಈ ಹಡಗು ಫ್ರಾನ್ಸಿನಲ್ಲಿ ತಯಾರಾಗಿ 2004ರಲ್ಲಿ ಮೊದಲ ಪ್ರಯಾಣ ಹೊರಟಿತು. ಉದ್ದ 345 ಮೀಟರ್. ಕೆರಿಬಿಯನ್ ದ್ವೀಪಗಳ ನಡುವೆ ತೇಲುವ ಕ್ರೂಸ್ ಹಡಗುಗಳಿಗಿಂತ ಇದರ ಮೂತಿ ಚೂಪು, ಒಡಲಿನ ಉಕ್ಕು ದಪ್ಪ, ನೀರೊಳಗಿನ ಆಳವೇ ಸುಮಾರು ಹತ್ತು ಮೀಟರ್. ಉತ್ತರ ಅಟ್ಲಾಂಟಿಕ್‌ನ ಅಲೆಗಳನ್ನು ಸೀಳಿ ಹೋಗಲೆಂದೇ ಕಟ್ಟಿದ್ದು. ಈ ದಾರಿಯಲ್ಲಿ ವರ್ಷ ತುಂಬದ ಕೂಸುಗಳಿಗೆ ಪ್ರವೇಶವಿಲ್ಲ. ಅದಕ್ಕಿಂತ ದೊಡ್ಡವರಿಗೆ ಆರನೇ ಡೆಕ್ಕಿನಲ್ಲಿ ಆಟದ ಮನೆ, ನೋಡಿಕೊಳ್ಳಲು ತರಬೇತಾದ ದಾದಿಯರು. ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು: ಸಂಜೆಯೂ ತೆರೆದಿರುತ್ತದೆ, ಪ್ರತ್ಯೇಕ ಶುಲ್ಕವಿಲ್ಲ.

ಕೋಣೆ ಆರಿಸುವಾಗ ಏಜೆಂಟ್ ‘ಗ್ರಿಲ್’ ದರ್ಜೆಯ ಸೂಟ್ ತೋರಿಸಿದರು. ಕೋಣೆ ವಿಶಾಲ, ಊಟಕ್ಕೆ ಬೇರೆಯೇ ಜಾಗ, ದರವೂ ಹಾಗೆಯೇ. ಒಂದು ವಿಷಯ ಮಾತ್ರ ಆ ಪಟ್ಟಿಯಲ್ಲಿ ಬರೆದಿರಲಿಲ್ಲ. ಅತಿ ದುಬಾರಿ ಸೂಟಿನ ಮಗುವೂ ಕಿಟಕಿಯಿಲ್ಲದ ಒಳಗಿನ ಕೋಣೆಯ ಮಗುವೂ ಆಡುವುದು ಅದೇ ಆಟದ ಮನೆಯಲ್ಲಿ, ಅದೇ ದಾದಿಯರ ಕೈಯಲ್ಲಿ. ಹಾಗಾಗಿ ನಾವು ಮಧ್ಯಮ ದರ್ಜೆಯಲ್ಲಿ, ಹಡಗಿನ ನಟ್ಟನಡುವೆ, ಕೆಳಗಿನ ಡೆಕ್ಕಿನಲ್ಲಿ ಬಾಲ್ಕನಿಯ ಕ್ಯಾಬಿನ್ ಹಿಡಿದೆವು. ಹಡಗು ತೂಗಿದಾಗ ನಡುಭಾಗ ಕಡಿಮೆ ಅಲ್ಲಾಡುತ್ತದೆ. ಆ ಬಾಲ್ಕನಿಗಳನ್ನು ಹಡಗಿನ ಉಕ್ಕಿನ ಗೋಡೆಯಲ್ಲೇ ಕೊರೆದಿರುತ್ತಾರೆ. ಎದುರಿಗೆ ಗಾಜೂ ಇಲ್ಲ, ಕಂಬಿಯೂ ಇಲ್ಲ, ಎದೆಮಟ್ಟದ ಗಟ್ಟಿ ತಗಡು. ಮಗ ಹತ್ತಲು ಕಾಲಿಗೆ ಆಸರೆ ಸಿಗದು ಎಂದು ನನಗೆ ನೆಮ್ಮದಿ. ‘ಸಮುದ್ರ ಎಲ್ಲಿ? ಬರೀ ಗೋಡೆ’ ಎಂದು ಅವನ ತಕರಾರು. ದಿನಕ್ಕೆ ಹತ್ತು ಸಲ ಎತ್ತಿ ತೋರಿಸಬೇಕಾಯಿತು.

ಸೌತಾಂಪ್ಟನ್‌ನಲ್ಲಿ ಹತ್ತಿದೊಡನೆ ಆಪತ್ಕಾಲದ ತಾಲೀಮು. ಮಕ್ಕಳ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಗಂಟೆ ಬಾರಿಸಿದರೆ ಯಾವ ಜಾಗದಲ್ಲಿ ಸೇರಬೇಕೆಂದು ಅದರಲ್ಲೇ ಗುರುತು ಹಾಕಿದರು. ಹೊರಡುವಾಗ ಊದಿದ ಸೀಟಿಗೆ ಮಗ ಕಿವಿ ಮುಚ್ಚಿಕೊಂಡು ನನ್ನ ಸೊಂಟ ತಬ್ಬಿದ. ಮೇಲಿನ ಸೀಟಿಗಳಲ್ಲಿ ಒಂದು 1936ರ ಹಳೆಯ ಕ್ವೀನ್ ಮೇರಿಯದು. ಹತ್ತು ಮೈಲಿ ದೂರಕ್ಕೂ ಕೇಳಿಸುತ್ತದಂತೆ. ಅಡಿಯಲ್ಲೇ ನಿಂತವರ ಪಾಡು ಕೇಳಬೇಡಿ.

ಆಮೇಲೆ ಬಂದರುಗಳೇ ಇಲ್ಲ. ಬರೀ ನೀರು. ಬೇಸರವಾಗುತ್ತದೆ ಎಂದು ಹೆದರಿದ್ದ ನನಗೆ ಎರಡನೆಯ ದಿನಕ್ಕೇ ಅದು ವರ ಎಂದು ತೋರಿತು. ಮೆಡಿಟರೇನಿಯನ್ ಪ್ರವಾಸಗಳಲ್ಲಿ ದಿನಕ್ಕೊಂದು ಊರು. ಮುಂಜಾನೆ ಎಬ್ಬಿಸು, ಬಸ್ಸು ಹತ್ತಿಸು, ಬಿಸಿಲಲ್ಲಿ ಚರ್ಚಿನ ಮುಂದೆ ಸಾಲು ನಿಲ್ಲಿಸು, ಮಧ್ಯಾಹ್ನದ ನಿದ್ದೆ ಕೆಡಿಸು. ಸಣ್ಣ ಮಕ್ಕಳಿಗೆ ರೋಮ್ ಬೇಡ, ಲಿಫ್ಟಿನ ಗುಂಡಿ ಬೇಕು. ಇಲ್ಲಿ ಹಡಗೇ ಊರು. ಏಳನೇ ಡೆಕ್ಕಿನ ಸುತ್ತುದಾರಿ ಒಂದು ಸುತ್ತಿಗೆ ಸುಮಾರು ಆರುನೂರು ಮೀಟರ್. ಬೆಳಗಿನ ಹಾಲು ಕುಡಿದು ಇಬ್ಬರೂ ಅಲ್ಲಿ ಓಡುತ್ತಿದ್ದರು. ಹನ್ನೆರಡನೇ ಡೆಕ್ಕಿನಲ್ಲಿ ನಾಯಿಗಳ ಮನೆ. ಅಟ್ಲಾಂಟಿಕ್ ದಾಟುವ ನಾಯಿಗಳಿಗೆ ಇಪ್ಪತ್ನಾಲ್ಕು ಗೂಡು, ಕಾಲೆತ್ತಲು ಒಂದು ಇಂಗ್ಲಿಷ್ ದೀಪದ ಕಂಬ, ಒಂದು ನ್ಯೂಯಾರ್ಕಿನ ಬೆಂಕಿ ಆರಿಸುವ ನೀರಿನ ನಲ್ಲಿ. ಒಳಗೆ ಹೋಗಲು ಮಾಲೀಕರಿಗಷ್ಟೇ ಅನುಮತಿ. ಹೊರಗಿನಿಂದ ನೋಡುತ್ತಾ ನಿಂತ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಿನಿಮಾ ಬೇಕಿರಲಿಲ್ಲ. ಸಭಾಂಗಣದ ಚಾವಣಿಯಿಂದ ಗುಮ್ಮಟ ಇಳಿಸಿ ನಕ್ಷತ್ರ ತೋರಿಸುವ ತಾರಾಲಯವೂ ಇತ್ತು. ಮಗಳು ಬಾಯಿ ತೆರೆದು ನೋಡಿದಳು, ಮಗ ಶನಿಗ್ರಹ ಬರುವ ಮೊದಲೇ ನಿದ್ದೆ ಹೋದ.

ಪಶ್ಚಿಮಕ್ಕೆ ಹೋಗುವಾಗ ಗಡಿಯಾರವನ್ನು ಒಂದೇ ಸಲ ಐದು ಗಂಟೆ ತಿರುಗಿಸುವುದಿಲ್ಲ. ಐದು ರಾತ್ರಿ ಒಂದೊಂದು ಗಂಟೆ ಹಿಂದೆ ಹಾಕುತ್ತಾರೆ. ಅಂದರೆ ದಿನಕ್ಕೆ ಇಪ್ಪತ್ತೈದು ಗಂಟೆ. ದೊಡ್ಡವರಿಗೆ ಒಂದು ಗಂಟೆ ಹೆಚ್ಚಿಗೆ ನಿದ್ದೆ. ಮಕ್ಕಳ ಹೊಟ್ಟೆಗೆ ಕ್ಯಾಪ್ಟನ್ನಿನ ಅಪ್ಪಣೆ ಗೊತ್ತಿಲ್ಲ. ಬೆಳಗಿನ ಐದಕ್ಕೇ ‘ಅಮ್ಮಾ ಹಸಿವು’. ಆ ಹೊತ್ತಿಗೆ ಬಿಸ್ಕತ್ತು, ಬಾಳೆಹಣ್ಣು ಕೋಣೆಯಲ್ಲೇ ಇಟ್ಟುಕೊಂಡಿರಬೇಕು. ಆದರೆ ನ್ಯೂಜೆರ್ಸಿ ತಲುಪಿದ ಮೊದಲ ರಾತ್ರಿಯೇ ಇಬ್ಬರೂ ಹೊತ್ತಿಗೆ ಸರಿಯಾಗಿ ಮಲಗಿದರು. ವಿಮಾನದಲ್ಲಿ ಬಂದಿದ್ದರೆ ನಡುರಾತ್ರಿ ಎದ್ದು ಆಟಕ್ಕೆ ಕರೆಯುತ್ತಿದ್ದರು.

ಊಟದ್ದು ಸ್ವಲ್ಪ ಚಿಂತೆಯಿತ್ತು. ಸಸ್ಯಾಹಾರದ ಪಟ್ಟಿ ಪ್ರತಿ ಊಟಕ್ಕೂ ಇದ್ದೇ ಇತ್ತು. ಆದರೆ ನನ್ನ ಮಗ ಅಣಬೆಯ ರಿಸೊಟ್ಟೊ ತಿನ್ನುವ ಪೈಕಿಯಲ್ಲ. ನಾವು ಕನ್ನಡದಲ್ಲಿ ಗದರುವುದು ಕೇಳಿಸಿಕೊಂಡ ಒಬ್ಬ ಪರಿಚಾರಕ ಬಾಗಿ ಕೇಳಿದ: ‘ಅಕ್ಕಾ, ಯಾವೂರು ನಿಮ್ದು?’ ಕಾರವಾರದ ಹುಡುಗ. ‘ಹಿಂದಿನ ದಿನವೇ ಹೇಳಿ ಅಕ್ಕಾ, ಅಡುಗೆ ಮನೇಲಿ ನಮ್ಮೋರು ಇದ್ದಾರೆ, ದಾಲ್-ಅನ್ನ ಮಾಡ್ಸಿಡ್ತೀನಿ.’ ಮಾರನೆಯ ದಿನ ಬೆಳ್ಳಿ ಮುಚ್ಚಳ ಸರಿಸಿದರೆ ಹಬೆಯಾಡುವ ಅನ್ನ, ಜೀರಿಗೆ ಒಗ್ಗರಣೆಯ ತೊವ್ವೆ. ಮಗ ತಟ್ಟೆ ಬಳಿದ. ಮೇಲ್ದರ್ಜೆ ಎನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಅಷ್ಟು ಸಾಕು. ಅಮೃತಶಿಲೆಯ ಮೆಟ್ಟಿಲಿಗಿಂತ ನನ್ನನ್ನು ಕಾಪಾಡಿದ ಇನ್ನೊಂದು ಜಾಗ, ದುಡ್ಡಿಲ್ಲದೆ ಬಳಸಬಹುದಾದ ಬಟ್ಟೆ ಒಗೆಯುವ ಕೋಣೆ. ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತು ದೇಶದೇಶದ ತಾಯಂದಿರು ಕಷ್ಟಸುಖ ಹೇಳಿಕೊಳ್ಳುತ್ತಿದ್ದುದು ಅಲ್ಲೇ.

ಸಂಜೆ ಆರರ ನಂತರ ವೇಷಭೂಷಣದ ಕಟ್ಟಳೆ. ಮಕ್ಕಳಿಗೆ ಬೇಗನೆ ಬೇರೆ ಊಟ ಕೊಡುತ್ತಾರೆ, ಆಮೇಲೆ ಆಟದ ಮನೆಗೆ ಬಿಡಬಹುದು. ಗಾಲಾ ರಾತ್ರಿ ನಾನು ಇಳಕಲ್ ಸೀರೆ ಉಟ್ಟೆ, ಅವರು ಕಪ್ಪು ಸೂಟು. ಮಗಳು ಹುಟ್ಟಿದ ಮೇಲೆ ನಾವಿಬ್ಬರೇ ಎದುರುಬದುರು ಕೂತು, ಬಿಸಿಯಿರುವಾಗಲೇ ಊಟ ಮಾಡಿದ್ದು ನೆನಪಿರಲಿಲ್ಲ. ಮಾತಾಡಿದ್ದೆಲ್ಲ ಮಕ್ಕಳದೇ, ಆ ಮಾತು ಬೇರೆ.

ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಧ್ವನಿವರ್ಧಕದಲ್ಲಿ ಹಡಗು ಎಲ್ಲಿದೆ, ಕಡಲೆಷ್ಟು ಆಳ, ಗಾಳಿ ಯಾವ ಕಡೆಯದು ಎಂದು ಹೇಳುತ್ತಾರೆ. ಮಗಳು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದಳು. ಒಂದು ದಿನ ಟೈಟಾನಿಕ್ ಮುಳುಗಿದ ಜಾಗದ ಆಸುಪಾಸಿನಲ್ಲಿದ್ದೇವೆ ಎಂದು ತಿಳಿಯಿತು. ‘ಅವರಿಗೆ ದೋಣಿ ಇರಲಿಲ್ವಾ?’ ಎಂದಳು. 1912ರಲ್ಲಿ ಇದ್ದದ್ದು ಎಲ್ಲರಿಗೂ ಸಾಲುವಷ್ಟಲ್ಲ, ಆ ದುರಂತದ ಮೇಲೆಯೇ ಪ್ರತಿಯೊಬ್ಬರಿಗೂ ಜಾಗ ಇರಲೇಬೇಕೆಂದು ಕಾನೂನು ಬಂತು ಎಂದು ಹೇಳಿದೆ. ಆ ಮಧ್ಯಾಹ್ನ ಡೆಕ್ಕಿನಲ್ಲಿ ನೇತಾಡುವ ಕಿತ್ತಳೆ ಬಣ್ಣದ ದೋಣಿಗಳನ್ನು ಎಣಿಸುವುದೇ ಅವಳ ಕೆಲಸವಾಯಿತು.

ಕಡಲು ಕೆರಳಿದ ದಿನ ಈಜುಕೊಳದ ನೀರು ಈ ಅಂಚಿನಿಂದ ಆ ಅಂಚಿಗೆ ನುಗ್ಗಿತು. ನಾನು ಶುಂಠಿ, ಹಸಿರು ಸೇಬು ಹಿಡಿದು ಮಲಗಿದೆ. ಮಕ್ಕಳು ಕಾರಿಡಾರಿನಲ್ಲಿ ಓಲಾಡುತ್ತಾ ನಡೆಯುವುದನ್ನೇ ಆಟ ಮಾಡಿಕೊಂಡರು.

ಕೊನೆಯ ನಸುಕಿನಲ್ಲಿ ಎಲ್ಲರೂ ಕಂಬಳಿ ಹೊದ್ದು ಡೆಕ್ಕಿನಲ್ಲಿ. ವೆರಜಾನೊ ಸೇತುವೆಯ ಅಡಿ ನುಸುಳುವಾಗ ಚಿಮಣಿಗೂ ಸೇತುವೆಗೂ ಕೆಲವೇ ಮೀಟರ್ ಅಂತರ. ಆ ಸೇತುವೆಯ ಎತ್ತರ ನೋಡಿಯೇ ಚಿಮಣಿಯ ಅಳತೆ ನಿರ್ಧರಿಸಿದ್ದಂತೆ. ಲಿಬರ್ಟಿ ಪ್ರತಿಮೆ ಕಂಡು, ಬ್ರೂಕ್ಲಿನ್ ದಕ್ಕೆಗೆ ಹಗ್ಗ ಬಿಗಿದು, ವಲಸೆ ಅಧಿಕಾರಿಗಳ ಸಾಲಿನಲ್ಲಿ ನಿಂತು ಹೊರಬರುವಷ್ಟರಲ್ಲಿ ಬಿಸಿಲೇರಿತ್ತು.

ಈಗ ಬೆಂಗಳೂರಿನ ನಾದಿನಿ ಸಿಂಗಪುರದಿಂದ ಹೊರಡುವ ಕ್ರೂಸ್ ನೋಡುತ್ತಿದ್ದಾಳೆ, ಯಾವುದು ಒಳ್ಳೆಯದು ಎಂದು ಕೇಳುತ್ತಾಳೆ. ನಕ್ಷತ್ರ ಎಣಿಸಬೇಡ, ನಾಲ್ಕು ಪ್ರಶ್ನೆ ಕೇಳು ಎಂದಿದ್ದೇನೆ. ನಿನ್ನ ಮಗುವಿನ ವಯಸ್ಸಿಗೆ ಆಟದ ಮನೆ ಇದೆಯೇ, ರಾತ್ರಿ ಎಷ್ಟರವರೆಗೆ, ದುಡ್ಡು ಬೇರೆಯೇ? ಡಯಾಪರ್ ಬಿಡದ ಮಗುವನ್ನು ಅಲ್ಲಿ ಬಿಟ್ಟುಕೊಳ್ಳುತ್ತಾರೆಯೇ, ಈಜುಕೊಳಕ್ಕಿಳಿಸುತ್ತಾರೆಯೇ? ಬಹಳ ಹಡಗುಗಳಲ್ಲಿ ಇಳಿಸುವುದಿಲ್ಲ. ದಿನಕ್ಕಿಷ್ಟೆಂದು ಸೇರುವ ಸೇವಾಶುಲ್ಕ ಹಿಡಿದು ಒಟ್ಟು ಎಷ್ಟಾಗುತ್ತದೆ? ಬಂದರಿಲ್ಲದ ದಿನಗಳು ಎಷ್ಟು? ಈ ನಾಲ್ಕಕ್ಕೂ ತಡವರಿಸದೆ ಉತ್ತರ ಕೊಡುವ ಹಡಗಿನಲ್ಲಿ ಅತಿ ಅಗ್ಗದ ಕೋಣೆ ಹಿಡಿದರೂ ಮಕ್ಕಳೊಂದಿಗಿನ ಪ್ರವಾಸ ಸುಖವಾಗುತ್ತದೆ. ಉತ್ತರಕ್ಕೆ ಬದಲು ಸೂಟಿನ ಚಿತ್ರ ಕಳಿಸುವ ಏಜೆಂಟಿಗೆ ಅಡ್ವಾನ್ಸ್ ಕೊಡುವುದು ಬೇಡ.