ನಮ್ಮನಿ ಮೆಂತ್ಯಹಿಟ್ಟು, ನನ್ನ ಎಡಿಟರ್

ಹೋದ ವಾರ ನಮ್ಮ ತಂಗಿ ಮಗ ಬೆಂಗಳೂರಿಂದ ಬಂದಿದ್ದ. ಊಟಾ ಆದಮ್ಯಾಲೆ ಏನೋ ನೋಡಬೇಕಂತ ನನ್ನ ಕಂಪ್ಯೂಟರಿನ ಮುಂದ ಕೂತಾಂವ ಹುಬ್ಬು ಏರಿಸಿ ಕೇಳಿದಾ, "ಮೌಶಿ, ನೀ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಉಪಯೋಗಸ್ತಿಯೇನ? ಅದು ಪ್ರೋಗ್ರಾಮ್ ಬರಿಯೋರದಲ್ಲಾ!" ಮಡೀಲೆ ಅಡಗಿ ಮಾಡೋ ಅಜ್ಜಿ ಕೈಯಾಗ ಪಿಜ್ಜಾ ಕಂಡಂಗ ಮಾಡಿದಾ ಮಾರಿನ್ನ. ನಾ ಅಂದೆ, "ಹೌದಪಾ, ನಂಗ ಪಿಯುಸಿ ಆದಕೂಡ್ಲೆ ಮದುವಿ ಆತು. ಆದ್ರ ಎಡಿಟರ್ ಆರಿಸಿಕೊಳ್ಳಿಕ್ಕೆ ಡಿಗ್ರಿ ಬೇಕಂತ ಯಾರೂ ಹೇಳಿಲ್ಲ."

ಅವಂಗ ಪೂರಾ ಕಥಿ ಹೇಳೋಷ್ಟರಾಗ ಎರಡು ಸಲ ಚಹಾ ಆತು. ನಿಮಗೂ ಹೇಳ್ತೇನಿ.

2014ರಾಗ ನಮ್ಮತ್ತಿಗೆ 81 ವರ್ಷ. ಅವರು ಬರದಿಟ್ಟ ಅಡಗಿ ಅಂತ ಒಂದೂ ಇಲ್ಲ, ಎಲ್ಲಾ ಕೈ ಅಳತಿ. ಆ ವರ್ಷ ಯುಗಾದಿ ಆದಮ್ಯಾಲೆ ದಿನಾ ಮಧ್ಯಾಹ್ನ ಅವರ ಮುಂದ ಕೂತು, ವಾಟಗಾ-ಚಮಚಾ ಹಿಡಿದು ಅಳದು, ಅವರು ಹೇಳಿಧಂಗ ಕಂಪ್ಯೂಟರಿನ್ಯಾಗ ಹೊಡದೆ. ಮಗ ಕನ್ನಡ ಕೀಲಿಮಣಿ ಹಾಕಿ ಕೊಟ್ಟಿದ್ದ. ಮೂರು ತಿಂಗಳಿಗೆ 43 ಅಡಗಿ ಆದವು. ನಡುನಡುವ ಅತ್ತಿ ಅಡಗಿ ಬಿಟ್ಟು ತಮ್ಮ ತವರುಮನಿ ಸುದ್ದಿ, ಈ ಮನಿಗೆ ಬಂದ ಹೊಸದಾಗಿನ ಸುದ್ದಿ ಹೇಳ್ತಿದ್ರು. ಅದನ್ನೂ ಬಿಡಲಿಲ್ಲ, ಬರಕೊಂಡೆ.

ಮಳಿಗಾಲದಾಗ ಅತ್ತಿ ಬಚ್ಚಲದಾಗ ಬಿದ್ರು. ಎಲುಬು ಕೂಡಿತು, ಆದ್ರ ನೆನಪು ಅಲ್ಲಿಂದ ಸಡ್ಲಾಗಲಿಕ್ಕೆ ಹತ್ತಿತು.

ಇನ್ನು ನನ್ನ ಶಾಣ್ಯಾತನ ಕೇಳ್ರಿ. ಆ ಫೈಲು ಎಲ್ಲಾ ಇದ್ದದ್ದು ಒಂದು ಸಾದಾ ಎಡಿಟರಿನ್ಯಾಗ. ಒಂದಿನ ಹೊಸಾ ಹೆಸರಲೆ ಉಳಿಸಬೇಕಂತ ಹೋದೆ. ಕೆಳಗ 'ಆನ್ಸಿ' ಅಂತಿತ್ತು. ಅದನ್ನ ಒತ್ತಿದೆ. ಇಂಗ್ಲಿಷ್‌ನ್ಯಾಗ ಉದ್ದಕ ಒಂದು ಎಚ್ಚರಿಕೆ ಬಂತು. ಕುಕ್ಕರ್ ಮೂರನೇ ಸೀಟಿ ಹೊಡೀಲಿಕ್ಕತ್ತಿತ್ತು, ಓದದನ 'ಓಕೆ' ಒತ್ತಿ ಒಳಗ ಓಡಿದೆ. ತಪ್ಪು ನಂದ, ಕಂಪ್ಯೂಟರು ಪಾಪ ಕೇಳೇ ಕೇಳಿತ್ತು. ಹಳೇ ಫೈಲು ಇನ್ಯಾಕ ಅಂತ ಅದನ್ನೂ ಅಳಿಸಿ, ಕಸದ ಬುಟ್ಟೀನೂ ಖಾಲಿ ಮಾಡಿದೆ. ಮನಿ ಸ್ವಚ್ಛ ಇಡೋ ಚಟಾ!

ಮರುದಿನ ತಗದು ನೋಡಿದ್ರ, ಹಿಂಗಿತ್ತು:

???? 1 ?????
??????????? 1 ?????
????? 1/2 ?????

ಉದ್ದಕ್ಕೂ ಹಂಗ. ನನ್ನ ಕೈಕಾಲು ತಣ್ಣಗಾದವು.

ಮಗ ಆಗ ಇಂಜಿನಿಯರಿಂಗ್ ಓದ್ತಿದ್ದ. ಓಡಿ ಬಂದು ನೋಡಿ ತಲಿ ಕೆರಕೊಂಡಾ. "ಅಮ್ಮಾ, ಆ ಪದ್ಧತಿಯೊಳಗ ಅಕ್ಷರಕ್ಕ ಇರೋದು ಬರೇ 256 ಖಾನೆ. ಅದರಾಗ ಕನ್ನಡಕ್ಕ ಜಾಗಾನ ಇಲ್ಲ. ಜಾಗಾ ಸಿಗದ ಅಕ್ಷರದ ಬದ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನಿ ಹಾಕಿ ಉಳಿಸಿಬಿಡ್ತದ. ಈಗ ಫೈಲಿನ್ಯಾಗ ಇರೋದ ಪ್ರಶ್ನಾರ್ಥಕ ಚಿಹ್ನಿ, ಅದರ ಹಿಂದ ಏನೂ ಅಡಗಿ ಕೂತಿಲ್ಲ" ಅಂದ. ಫಾಂಟ್ ಬದಲಿಸಿದ್ರ ಬರ್ತದೇನೋ ಅಂತ ನಾ ಕೇಳಿದೆ. ಬರೂದಿಲ್ಲ.

ಆದ್ರ ಅಂಕಿ ಉಳಿದಿದ್ವು. ನಾ 1, 2, 1/2 ಅಂತ ಇಂಗ್ಲಿಷ್ ಅಂಕಿ ಹೊಡದಿದ್ದೆ, ಅವಕ್ಕ ಆ 256ರೊಳಗ ಜಾಗಾ ಅದ. ಶಬ್ದದ ನಡುವಿನ ಖಾಲಿ ಜಾಗಾನೂ ಹಂಗ ಇದ್ವು. ಅಂದ್ರ ಎಷ್ಟು ಹಾಕಬೇಕು ಅನ್ನೋದು ಅದ, ಏನು ಹಾಕಬೇಕು ಅನ್ನೋದು ಹೋಗೇದ.

ಮಗ ಒಂದು ಹಂಚಿಕಿ ಹಾಕಿದಾ. ಒಂದೊಂದು ಅಕ್ಷರದ ಭಾಗಕ್ಕ ಒಂದೊಂದು ಚಿಹ್ನಿ ಅಂದ್ರ ಎಣಿಸಬಹುದಲ್ಲಾ. 'ಅಕ್ಕಿ' ನಮ್ಮ ಕಣ್ಣಿಗೆ ಎರಡ ಅಕ್ಷರ. ಕಂಪ್ಯೂಟರಿಗೆ ಅ, ಕ, ಒತ್ತಿನ ಗುರ್ತು, ಮತ್ತೊಂದು ಕ, ಗುಡಿಸು, ಒಟ್ಟು ಐದು. ಗೋದಿ ನಾಕು. ಕಡ್ಲಿಬ್ಯಾಳಿ ಹನ್ನೊಂದು. ಉದ್ದಿನಬ್ಯಾಳಿ ಹನ್ನೆರಡು, ಹೆಸರಬ್ಯಾಳಿ ಹತ್ತು. ಅಡಗಿಮನಿ ಡಬ್ಬಿಗೋಳ ಹೆಸರೆಲ್ಲಾ ನಾ ಹೇಳಿದೆ, ಅಂವ ಹತ್ತು ಸಾಲಿನ ಒಂದು ಪ್ರೋಗ್ರಾಮ್ ಬರದು ಯಾವುದಕ್ಕ ಯಾವುದು ಕೂಡ್ತದಂತ ತಗದಾ. ಮ್ಯಾಲಿನ ಮೂರು ಸಾಲು ಮೆಂತ್ಯಹಿಟ್ಟಿಂದು. ಗೋದಿ, ಕಡ್ಲಿಬ್ಯಾಳಿ, ಅಕ್ಕಿ. ನಾಕು ಚಿಹ್ನಿಗೆ ಇಂಗು, ಹವೀಜನೂ ಕೂಡ್ತಾವು, ಆದ್ರ ವಾಟಗಾಗಟ್ಲೆ ಇಂಗು ಯಾರೂ ಹಾಕೂದಿಲ್ಲ.

ಸಿಕ್ಕಿಬಿದ್ದದ್ದು ಚಮಚದ ಸಾಲಿನ್ಯಾಗ. ಮೆಂತ್ಯ, ಜೀರಿಗಿ, ಅರಿಷಿಣ ಮೂರೂ ಆರು ಆರ! ಅಳತಿ 2 ಚಮಚ, 1 ಚಮಚ, 1/2 ಚಮಚ. ಅರ್ಧಾ ಅರಿಷಿಣದ್ದು ಅಂತ ಹಿಡಕೊಂಡ್ವಿ. ಉಳದ ಎರಡರಾಗ ಯಾವುದು ಹೆಚ್ಚು? ಇಷ್ಟು ವರ್ಷ ಈ ಮನ್ಯಾಗ ಹುರಿಯೋದು ನಂದು, ಅಳಿಯೋದು ಅವರದು. ಅತ್ತೀನ್ನ ಕೇಳಿದೆ. "ಕೈಗೆ ಬಂದಷ್ಟು ಹಾಕವಾ" ಅಂದ್ರು, ಕಿಟಕಿ ಕಡೆ ನೋಡಕೋತ.

ಎರಡೂ ಥರಾ ಮಾಡಿದೆ. ಬಿಸಿ ಅನ್ನಕ್ಕ ಕಲಿಸಿ, ಮ್ಯಾಲೊಂದು ಚಮಚ ತುಪ್ಪ ಹಾಕಿ ಮೊದಲ ಜೀರಿಗಿ ಹೆಚ್ಚಿಂದು ಕೊಟ್ಟೆ. ಒಂದು ತುತ್ತು ಬಾಯಾಗ ಇಟಗೊಂಡು, "ಇದು ಯಾರ ಮನೀದು?" ಅಂತ ಕೇಳಿದ್ರು. ಇನ್ನೊಂದು ಕೊಟ್ಟೆ. ಏನೂ ಅನ್ನಲಿಲ್ಲ. ಪೂರಾ ಉಂಡು, ಇನ್ನೊಂದೀಟು ಅನ್ನಾ ಹಾಕಂದ್ರು.

ಹಿಂಗ ಹನ್ನೊಂದು ಅಡಗಿ ವಾಪಸ್ ಬಂದ್ವು. ಉಳದದ್ದು ಎಣಿಸಿದ್ರೂ ಹತ್ತಲಿಲ್ಲ.

ಅವತ್ತಿಂದ ನಂಗ ಎಡಿಟರ್ ಅಂದ್ರ ಆಟದ ಸಾಮಾನಲ್ಲ. ಮಗ ಮೊದಲ ತನ್ನ ವಿಮ್ ಹಾಕಿ ಕೊಟ್ಟಾ. ಅದನ್ನ ಬ್ರಾಮ್ ಮೂಲೆನಾರ್ ಅಂತ ನೆದರ್ಲೆಂಡ್ಸಿನಾಂವ 1991ರಾಗ ಹೊರಗ ತಂದದ್ದು. ಫುಕ್ಕಟ ಕೊಟ್ಟು, ಬದ್ಲಿ ಯುಗಾಂಡಾದ ಬಡ ಮಕ್ಕಳಿಗೆ ಏನರೆ ಸಹಾಯ ಮಾಡ್ರಿ ಅಂತ ಶುರುವಿನ ಪರದೆ ಮ್ಯಾಲೇ ಬರದಾನ. ಅದನ್ನ ಓದಿ ನಂಗ ಆ ಮನಿಶ್ಯಾನ ಮ್ಯಾಲೆ ಭಾಳ ಪ್ರೀತಿ ಬಂತು. 2023ರಾಗ ತೀರಿಕೊಂಡರಂತ ಮಗ ಹೇಳಿದಾಗ ಪರಿಚಯದವರು ಹೋದಂಗಾತು. ಆದ್ರ ವಿಮ್ ಮಾತ್ರ ನನ್ನ ಕೈಗೆ ಒಗ್ಗಲಿಲ್ಲ ನೋಡ್ರಿ. ಅದರಾಗ ಬರಿಯೋ ಸ್ಥಿತಿ ಬ್ಯಾರೆ, ಅಪ್ಪಣೆ ಕೊಡೋ ಸ್ಥಿತಿ ಬ್ಯಾರೆ. ಬರಿಯೋ ಮುಂದ 'ಡಿ' ಅಂದ್ರ ಡಿ, ಅಪ್ಪಣೆಯೊಳಗ ಎರಡು ಸಲ 'ಡಿ' ಅಂದ್ರ ಇಡೀ ಸಾಲ ಹೋತು! ಕೀಲಿಮಣಿ ಕನ್ನಡದಾಗ ಇದ್ರ ಅಪ್ಪಣೆ ತಿಳಿಯೂದಿಲ್ಲ. ಮಗನ ಆ ಕರೆ ಪರದೆಯೊಳಗ ನನ್ನ ಒತ್ತಕ್ಷರ ಬಿಡಿಬಿಡಿಯಾಗಿ, ಜಾತ್ರ್ಯಾಗ ತಪ್ಪಿಸಿಕೊಂಡ ಕೂಸಿನಂಗ ನಿಲ್ತಿದ್ವು. ಮೊದಲನೇ ದಿನ ಹೊರಗ ಬರ್ಲಿಕ್ಕೇ ಆಗಲಿಲ್ಲ, ವೈರ್ ಕಿತ್ತೆ. ಆಮ್ಯಾಲೆ ಗೊತ್ತಾತು, ಸ್ಟ್ಯಾಕ್ ಓವರ್‌ಫ್ಲೋದಾಗ ವಿಮ್‌ದಿಂದ ಹೊರಗ ಹೆಂಗ ಬರಬೇಕನ್ನೋ ಪ್ರಶ್ನೆ ನೋಡ್ಲಿಕ್ಕೆ 2017ರ ತನಕ 10 ಲಕ್ಷದ ಮ್ಯಾಲೆ ಮಂದಿ ಬಂದಿದ್ರಂತ. ಅವರೆಲ್ಲಾ ಕಲತವರು! ಅದನ್ನ ಓದಿ ನಂಗ ಸಮಾಧಾನ ಆತು.

ಮುಂದ ವಿಎಸ್ ಕೋಡ್ ತಂದಾ. ಛಂದ ಅದ, ಸುಳ್ಳ್ಯಾಕ ಹೇಳಲಿ. ಆದ್ರ ಒಳಗ ಒಂದು ಇಡೀ ಬ್ರೌಜರ್ ಇಟಗೊಂಡು ಕೂತದ, ನನ್ನ ಹಳೇ ಕಂಪ್ಯೂಟರ್ ಅದನ್ನ ಹೊರಲಾರದ ಏದುಸಿರು ಬಿಡ್ತಿತ್ತು. ನಾ ಎರಡಕ್ಷರ ಹೊಡಿಯೂದ್ರಾಗ ಮುಂದಿಂದು ತಾನ ಹೇಳ್ಲಿಕ್ಕೆ ಬರ್ತದ. ಮಾತು ಮುಗಿಸೋ ಮೊದಲ ಬಾಯಿ ಹಾಕೋರು ನಮ್ಮ ಬಳಗದಾಗ ಕಡಿಮಿ ಇದ್ದಾರೇನ?

ಕಡೀಗೆ ನಿಂತದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮ್ಯಾಲೆ. 2003ರಾಗ ಡಾನ್ ಹೋ ಅಂತ ಒಬ್ಬರು ಶುರು ಮಾಡಿದ್ದು, ಇದೂ ಫುಕ್ಕಟ. ಹಗೂರ ಅದ. ಚಾಳೀಸು ಸಿಗದಿದ್ರ ಕಂಟ್ರೋಲ್ ಒತ್ತಿ ಮೌಸಿನ ಗಾಲಿ ತಿರುಗಿಸಿದ್ರ ಅಕ್ಷರ ಬದನಿಕಾಯಿಯಷ್ಟು ದೊಡ್ಡವಾಗ್ತಾವು. ಕರೆಂಟ್ ಹೋದ್ರೂ, ಉಳಿಸೋದು ಮರತು ಮುಚ್ಚಿದ್ರೂ, ಮತ್ತ ತಗದಾಗ ಬರದದ್ದು ಅಲ್ಲೇ ಇರ್ತದ. ಅದರ ಪಾಡಿಗೆ ಅದು ಕೆಲವು ಸೆಕೆಂಡಿಗೊಮ್ಮೆ ಒಂದು ನಕಲು ತಗದಿಡ್ತದ. ಒಂದು ಫೋಲ್ಡರಿನ ಅಷ್ಟೂ ಫೈಲಿನ್ಯಾಗ ಒಮ್ಮೆಲೆ ಹುಡುಕಬಹುದು. 'ಹವೀಜ' ಅಂತ ಕೊಟ್ರ ಯಾವ್ಯಾವ ಅಡಗಿಯೊಳಗ ಅದ ಅಂತ ಸಾಲು ಸಹಿತ ತೋರಸ್ತದ. ಭಿಶಿ ಲೆಕ್ಕಾನೂ ಅದರಾಗ ಇಡ್ತೇನಿ. ಮಗನ ಆ ಹತ್ತು ಸಾಲಿನ ಪ್ರೋಗ್ರಾಮೂ ಅದರಾಗೇ ತಗೀತೇನಿ. ಹೊಸಾ ಡಬ್ಬಿ ಹೆಸರು ನಾನ ಸೇರಸ್ತೇನಿ, ಉದ್ಧರಣ ಚಿಹ್ನಿ ಬಿಟ್ರ ಬಣ್ಣಾ ಬದಲಾಗಿ ತಾನ ಹೇಳ್ತದ.

ಎಲ್ಲಾಕ್ಕಿಂತ ಹೆಚ್ಚು ಬೇಕಾದದ್ದು ಬಲಗಡೆ ಕೆಳಗಿನ ಮೂಲ್ಯಾಗ ಅದ. ಫೈಲು ಯಾವ ಪದ್ಧತಿಯೊಳಗ ಅದ ಅಂತ ಅಲ್ಲೆ ಬರದಿರ್ತದ. ಮಲಗೋ ಮುಂದ ಗ್ಯಾಸಿನ ಗುಬ್ಬಿ ಮುಟ್ಟಿ ನೋಡ್ತೇವಲ್ಲಾ, ಹಂಗ ಮುಚ್ಚೋಕಿಂತ ಮೊದಲ ಅಲ್ಲೆ ನೋಡ್ತೇನಿ. 'ಯುಟಿಎಫ್-8' ಅಂತ ಇದ್ರ ನಿದ್ದಿ. ಪೆನ್ ಡ್ರೈವಿನ್ಯಾಗ ಒಂದು ಪ್ರತಿ, ಮಗನ ಹತ್ರ ಒಂದು.

ಅತ್ತಿ 2017ರಾಗ ಹೋದ್ರು.

ಇಷ್ಟೆಲ್ಲಾ ಕೇಳಿದ ತಂಗಿ ಮಗ ಸುಮ್ಮನ ಕೂತಿದ್ದ. ಆಮ್ಯಾಲೆ, ಆ ಹಾಳಾದ ಫೈಲು ಇನ್ನೂ ಅದ ಏನು ಅಂತ ಕೇಳಿದಾ. ಅದ, ಅಳಿಸಿಲ್ಲ. ತಗದು ತೋರಿಸಿದೆ. ಅಡಗಿ ಎಲ್ಲಾ ಮುಗಿದ ಮ್ಯಾಲೆ ಒಂದು ಉದ್ದನ್ನ ಸಾಲದ, ಅದರ ನಡುವ '1952' ಅಂತ ಉಳದದ. ಅದು ಅತ್ತಿ ಲಗ್ನದ ವರ್ಷ. ಅವತ್ತು ಅವರು ಏನೋ ಹೇಳಿ ನಕ್ಕೋತ ಕಣ್ಣೊರಸಿಕೊಂಡದ್ದು ನೆನಪದ, ಹೇಳಿದ್ದು ನೆನಪಿಲ್ಲ. ಬರಕೊಂಡೇನಲ್ಲಾ ಅಂತ ಮನಸಿನ್ಯಾಗ ಇಟಗೊಂಡಿರಲಿಲ್ಲ. ಹುಡುಗ ಎಣಿಸಿದಾ. ಅಂಕಿ ಮುಂಚೆ 38 ಚಿಹ್ನಿ, ಆಮ್ಯಾಲೆ 61.

ಅಂವ ಹೊರಡೋ ಮುಂದ ಮೆಂತ್ಯಹಿಟ್ಟಿನ ಡಬ್ಬಿ ಚೀಲದಾಗ ಇಟ್ಟೆ. ಮೆಂತ್ಯ 2, ಜೀರಿಗಿ 1.